ತುಮಕೂರಿನ ಆಸ್ಪತ್ರೆಯಲ್ಲಿ ಎಚ್‌ಟಿ ಎಲೆಕ್ಟ್ರೀಷಿಯನ್ ಕೆಲಸ: ಸೇರಲಾ, ಬೇಡವಾ?

ಗುಬ್ಬಿ ಹುಡುಗ

ಎಲ್ಲರಿಗೂ ನಮಸ್ಕಾರ. ಐಟಿಐ ಎಲೆಕ್ಟ್ರೀಷಿಯನ್ ಮುಗಿಸಿ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಅಪ್ರೆಂಟಿಸ್ ಮಾಡಿದ್ದೇನೆ. ಅಲ್ಲಿ ಎಲ್‌ಟಿ (ಲೋ ಟೆನ್ಷನ್, ಕಡಿಮೆ ವೋಲ್ಟೇಜ್) ಪ್ಯಾನೆಲ್, ಮೋಟಾರ್, ಸ್ಟಾರ್ಟರ್ ಕೆಲಸವೇ ಜಾಸ್ತಿ. 11 ಕೆವಿ, ಅಂದರೆ 11,000 ವೋಲ್ಟ್‌ನ ಎಚ್‌ಟಿ (ಹೈ ಟೆನ್ಷನ್) ಯಾರ್ಡನ್ನು ಬೇಲಿಯ ಈಚೆ ನಿಂತು ನೋಡಿದ್ದಷ್ಟೇ.

ಈಗ ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಚ್‌ಟಿ ಯಾರ್ಡ್ ನೋಡಿಕೊಳ್ಳುವ ಕೆಲಸ ಇದೆ ಅಂತ ಕರೆದಿದ್ದಾರೆ. ಏಜೆನ್ಸಿ ಮೂಲಕ. 500 ಕೆವಿಎ ಟ್ರಾನ್ಸ್‌ಫಾರ್ಮರ್ ಎರಡು, ಜನರೇಟರ್ ಎರಡು ಇವೆಯಂತೆ. ನಮ್ಮ ಚಿಕ್ಕಪ್ಪನ ಮಗ ಪಾವಗಡ ಸೋಲಾರ್ ಪಾರ್ಕ್‌ನಲ್ಲಿದ್ದಾನೆ, ಅಲ್ಲಿಗೇ ಬಾ ಅನ್ನುತ್ತಾನೆ. ಸಂಬಳ ಅಲ್ಲಿ ಸ್ವಲ್ಪ ಜಾಸ್ತಿ. ಅಮ್ಮನಿಗೆ ನಾನು ಮನೆಯಿಂದಲೇ ಓಡಾಡಬೇಕು ಅಂತ ಆಸೆ.

ಆಸ್ಪತ್ರೆಯಲ್ಲಿ ಎಚ್‌ಟಿ ಕೆಲಸ ಅಂದರೆ ದಿನಾ ಏನಿರುತ್ತದೆ? ಕಲಿಯೋಕೆ ಸಿಗುತ್ತದಾ, ಇಲ್ಲ ಸುಮ್ನೆ ರೀಡಿಂಗ್ ಬರೆದುಕೊಂಡು ಕೂರಬೇಕಾ? ಗೊತ್ತಿರುವವರು ಹೇಳಿ.

ಗೌರಿಬಿದನೂರು ಕಂಟ್ರಾಕ್ಟರ್

ತಮ್ಮಾ, ಏಜೆನ್ಸಿ ಅಂದ ಕೂಡಲೇ ಎರಡು ಸಲ ಯೋಚನೆ ಮಾಡು. ಎಚ್‌ಟಿ ಅಂತ ಸೇರಿಸಿಕೊಳ್ಳುತ್ತಾರೆ, ಆಮೇಲೆ ಟ್ಯೂಬ್‌ಲೈಟ್, ಗೀಸರ್, ಲಿಫ್ಟ್, ಎಸಿ ಎಲ್ಲಾ ನಿನ್ನ ತಲೆಗೇ ಕಟ್ಟುತ್ತಾರೆ. ಪಾವಗಡ 2,050 ಮೆಗಾವ್ಯಾಟ್ ಪಾರ್ಕ್, 220 ಕೆವಿ ಸ್ಟೇಷನ್ ಕಣ್ಣಾರೆ ನೋಡಬಹುದು. ವಯಸ್ಸಿದ್ದಾಗ ದೊಡ್ಡ ಜಾಗದಲ್ಲಿ ಕಲಿ. ಎಲ್ಲಿಗೆ ಹೋದರೂ ಪಿಎಫ್, ಇಎಸ್‌ಐ ಇದೆಯಾ ಅಂತ ಮೊದಲು ಕೇಳು.

ಎಚ್‌ಟಿ ಯಾರ್ಡ್ ತುಮಕೂರು

ಪಿಎಫ್ ಮಾತು ನೂರಕ್ಕೆ ನೂರು ಸರಿ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ನಾನೂ ಮೊದಲು ಫ್ಯಾಕ್ಟರಿಯಲ್ಲಿದ್ದೆ, ಆಮೇಲೆ ಆಸ್ಪತ್ರೆಗೆ ಬಂದೆ. ಎರಡೂ ಕಡೆ ಅದೇ 11 ಕೆವಿ, ಅದೇ ವಿಸಿಬಿ (ವ್ಯಾಕ್ಯೂಮ್ ಬ್ರೇಕರ್), ಅದೇ ರಿಲೇ (ಫಾಲ್ಟ್ ಗುರುತಿಸಿ ಬ್ರೇಕರ್ ಬಿಡಿಸುವುದು). ಆದರೆ ಕೆಲಸ ಬೇರೆ.

ಫ್ಯಾಕ್ಟರಿಯಲ್ಲಿ ಭಾನುವಾರ ಅಂತ ಒಂದು ದಿನ ಇರುತ್ತದೆ. ಪ್ರೊಡಕ್ಷನ್ ನಿಲ್ಲುತ್ತದೆ, ನೀನು ಬ್ರೇಕರ್ ತೆಗೆದು ನಿಧಾನಕ್ಕೆ ಕೆಲಸ ಮಾಡುತ್ತೀಯ. ಆಸ್ಪತ್ರೆಗೆ ಭಾನುವಾರ ಇಲ್ಲ. ಐಸಿಯುನಲ್ಲಿ ಯಾರೋ ಒಬ್ಬರು ಯಾವಾಗಲೂ ಇದ್ದೇ ಇರುತ್ತಾರೆ. ಹಾಗಂತ ಮೇಂಟೆನೆನ್ಸ್ ಬಿಡೋಕಾಗುತ್ತಾ? ಬಿಟ್ಟರೆ ಒಂದು ರಾತ್ರಿ ಅದೇ ಕೈ ಕೊಡುತ್ತದೆ. ಅದಕ್ಕೆ ಇಲ್ಲಿನ ಎಚ್‌ಟಿ ಕೆಲಸದಲ್ಲಿ ಮುಖ್ಯವಾದದ್ದು ಶಟ್‌ಡೌನ್ ಹೊಂದಿಸುವುದು. ಸ್ಪ್ಯಾನರ್ ಹಿಡಿಯುವುದು ಕೊನೆಯ ಕೆಲಸ.

ನಮ್ಮಲ್ಲಿ ಹೇಗೆ ಮಾಡುತ್ತೇವೆ ಅಂತ ಹೇಳುತ್ತೇನೆ. ಮೊದಲು ಓಟಿ (ಆಪರೇಷನ್ ಥಿಯೇಟರ್) ಲಿಸ್ಟ್ ನೋಡಬೇಕು. ಡಯಾಲಿಸಿಸ್ ಒಂದು ಶಿಫ್ಟ್ ಸುಮಾರು ನಾಲ್ಕು ಗಂಟೆ, ಮಧ್ಯದಲ್ಲಿ ಕೈ ಹಾಕೋಕಾಗಲ್ಲ, ಆದ್ದರಿಂದ ಎರಡು ಶಿಫ್ಟ್ ನಡುವಿನ ಸಮಯ ಹಿಡಿಯಬೇಕು. ಬ್ಲಡ್ ಬ್ಯಾಂಕ್‌ಗೆ ಹೇಳಬೇಕು. ಎಂಆರ್‌ಐ ಇದ್ದರೆ ಅದರ ಚಿಲ್ಲರ್ ಮತ್ತು ಕೂಲಿಂಗ್ ಕಂಪ್ರೆಸರ್ ದಿನದ 24 ಗಂಟೆಯೂ ಓಡಬೇಕು, ಸ್ಕ್ಯಾನ್ ಇಲ್ಲದಿದ್ದರೂ. ಅದು ತುಂಬಾ ಹೊತ್ತು ನಿಂತರೆ ಒಳಗಿನ ಹೀಲಿಯಂ ಆವಿಯಾಗಿ ಹೋಗುತ್ತದೆ, ಆ ಖರ್ಚು ಯಾರೂ ತಡೆಯೋಕಾಗಲ್ಲ. ಇಷ್ಟೆಲ್ಲ ಆದ ಮೇಲೆ ನಾನು ಒಂದು ಸುತ್ತು ವಾರ್ಡ್‌ಗೆ ಹೋಗುತ್ತೇನೆ. ಫೋನಲ್ಲಿ ಹೇಳಿದರೆ ಸಾಲದು. ಪ್ರತಿ ವೆಂಟಿಲೇಟರ್ ಪ್ಲಗ್ ಯಾವ ಸಾಕೆಟ್‌ನಲ್ಲಿದೆ ಅಂತ ಕಣ್ಣಲ್ಲಿ ನೋಡಬೇಕು.

ನಿಮ್ಮ ಕಡೆ ಎರಡು ಟ್ರಾನ್ಸ್‌ಫಾರ್ಮರ್ ಇವೆ ಅಂದೆಯಲ್ಲ, ಅದು ಪುಣ್ಯ. ಒಂದನ್ನು ಬಿಡಿಸಿ ಇನ್ನೊಂದರ ಮೇಲೆ ಲೋಡ್ ಹಾಕಬಹುದು. ಆದರೆ ಲೆಕ್ಕ ಹಾಕಿಕೋ. 500 ಕೆವಿಎ ಅಂದರೆ 433 ವೋಲ್ಟ್ ಕಡೆ ಫುಲ್ ಲೋಡ್ ಸುಮಾರು 667 ಆಂಪ್. ಬೇಸಿಗೆಯಲ್ಲಿ ಎಸಿ ಎಲ್ಲಾ ಓಡುವಾಗ ಎರಡರ ಲೋಡ್ ಸೇರಿಸಿದರೆ ಅದಕ್ಕಿಂತ ಜಾಸ್ತಿ ಆಗುತ್ತದಾ, ಮೊದಲು ಲಾಗ್‌ಬುಕ್ ತೆಗೆದು ನೋಡು.

ಅದೇ 500 ಕೆವಿಎ 11 ಕೆವಿ ಕಡೆ ಎಳೆಯುವುದು ಸುಮಾರು 26 ಆಂಪ್ ಮಾತ್ರ. ಹೊಸ ಹುಡುಗರು ಮೀಟರ್‌ನಲ್ಲಿ 26 ನೋಡಿ ಹಗುರವಾಗಿ ತೆಗೆದುಕೊಳ್ಳುತ್ತಾರೆ. 230 ವೋಲ್ಟ್ ಮುಟ್ಟಿದರೆ ಹೊಡೆಯುತ್ತದೆ. 11 ಕೆವಿ ಮುಟ್ಟುವ ತನಕ ಕಾಯುವುದಿಲ್ಲ, ಹತ್ತಿರ ಹೋದರೆ ಅದೇ ಹಾರಿ ಬರುತ್ತದೆ.

ಗುಬ್ಬಿ ಹುಡುಗ

ಅಣ್ಣಾ, ಥ್ಯಾಂಕ್ಸ್. ಬ್ರೇಕರ್ ಆಫ್ ಮಾಡಿದ ಮೇಲೆ ಪ್ಯಾನೆಲ್ ಮೇಲಿನ ಲ್ಯಾಂಪ್ ಆರಿದರೆ ಸಾಕಲ್ವಾ? ಕೆಲಸ ಶುರು ಮಾಡಬಹುದಾ?

ಎಚ್‌ಟಿ ಯಾರ್ಡ್ ತುಮಕೂರು

ಸಾಲದು. ಖಂಡಿತ ಸಾಲದು. ಲ್ಯಾಂಪ್ ಸುಟ್ಟು ಹೋಗಿದ್ದರೂ ಆರಿಯೇ ಇರುತ್ತದೆ.

ವಿಸಿಬಿಯ ಕಾಂಟ್ಯಾಕ್ಟ್ ವ್ಯಾಕ್ಯೂಮ್ ಬಾಟಲ್ ಒಳಗಿರುತ್ತದೆ, ತೆರೆದಿದೆಯಾ ಅಂತ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಬ್ರೇಕರ್ ಕೂತಿರುವ ಟ್ರಾಲಿಯನ್ನು ಪೂರ್ತಿ ಹೊರಗೆ ಎಳೆಯಬೇಕು. ಡಿಪಿ ಸ್ಟ್ರಕ್ಚರ್ (ಲೈನ್ ಬರುವ ಜೋಡಿ ಕಂಬ) ಮೇಲೆ ಜಿಓಎಸ್ (ಕೆಳಗಿನ ಹ್ಯಾಂಡಲ್‌ನಿಂದ ತೆರೆಯುವ ಸ್ವಿಚ್) ತೆರೆದು ಹ್ಯಾಂಡಲ್‌ಗೆ ಬೀಗ ಹಾಕಬೇಕು. ಬೀಗದ ಕೀ ನಿನ್ನ ಜೇಬಲ್ಲಿರಬೇಕು, ಸೆಕ್ಯುರಿಟಿ ಹತ್ತಿರ ಅಲ್ಲ. ಮೂರೂ ಬ್ಲೇಡ್ ತೆರೆದಿವೆಯಾ ಅಂತ ಕೆಳಗೆ ನಿಂತು ಎಣಿಸಬೇಕು, ಎಷ್ಟೋ ಸಲ ಎರಡು ತೆರೆದು ಒಂದು ಸಿಕ್ಕಿಕೊಂಡಿರುತ್ತದೆ.

ಆಮೇಲೆ 11 ಕೆವಿ ಡಿಟೆಕ್ಟರ್. ಮೊದಲು ಚಾಲೂ ಇರುವ ಕಡೆ ಹಿಡಿದು ಅದು ಕೂಗುತ್ತದಾ ನೋಡು. ಆಮೇಲೆ ಕೆಲಸದ ಜಾಗದಲ್ಲಿ ಹಿಡಿ. ಮತ್ತೆ ಚಾಲೂ ಕಡೆ ಹಿಡಿ. ನಡುವೆ ಬ್ಯಾಟರಿ ಸತ್ತಿದ್ದರೆ ಮೂರನೇ ಸಲದಲ್ಲಿ ಗೊತ್ತಾಗುತ್ತದೆ. ಆಮೇಲೆ ಡಿಸ್ಚಾರ್ಜ್ ರಾಡ್, ಉಳಿದ ಚಾರ್ಜನ್ನು ಅರ್ತ್‌ಗೆ ಇಳಿಸುವ ಕೋಲು. ಮೊದಲು ಅರ್ತ್ ಕಡೆ ಕ್ಲಾಂಪ್, ಆಮೇಲೆ ಲೈನ್ ಕಡೆ. ತೆಗೆಯುವಾಗ ಉಲ್ಟಾ. ಎಕ್ಸ್‌ಎಲ್‌ಪಿಇ (ಪ್ಲಾಸ್ಟಿಕ್ ಇನ್ಸುಲೇಷನ್‌ನ) ಕೇಬಲ್ ಸಪ್ಲೈ ಹೋದ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. 5 ಕೆವಿ ಮೆಗ್ಗರ್ (ಇನ್ಸುಲೇಷನ್ ಟೆಸ್ಟರ್) ಹಾಕಿದ ಮೇಲಂತೂ ಇನ್ನೂ ಜಾಸ್ತಿ.

ಗ್ಲೌಸ್ ಕ್ಲಾಸ್ 2 ಇರಬೇಕು, ಅದು 17 ಕೆವಿ ತನಕ ಬಳಸಲು. ಟೆಸ್ಟ್ ತಾರೀಕು ನೋಡು. ಪ್ರತಿ ಸಲ ಹಾಕುವ ಮೊದಲು ಗಾಳಿ ತುಂಬಿ ಸುರುಳಿ ಸುತ್ತಿ ಕೆನ್ನೆ ಹತ್ತಿರ ಹಿಡಿ, ಸೂಜಿ ತೂತು ಇದ್ದರೂ ಗಾಳಿ ತಗಲುತ್ತದೆ. ಪ್ಯಾನೆಲ್ ಮುಂದಿನ ರಬ್ಬರ್ ಮ್ಯಾಟ್ 11 ಕೆವಿಗೆ 2.5 ಮಿಲಿಮೀಟರ್ ದಪ್ಪದ್ದು, ಮೇಲೆ ಐಎಸ್ 15652 ಅಂತ ಅಚ್ಚು ಇರಬೇಕು. ಅಂಗಡಿಯ ಕಪ್ಪು ಮ್ಯಾಟ್ ಹಾಸಿ ಫೋಟೋ ತೆಗೆದಿರುವ ಜಾಗಗಳನ್ನು ನೋಡಿದ್ದೇನೆ.

ಶಿರಾ ನಿವೃತ್ತ ಆಪರೇಟರ್

ಹುಡುಗರೇ, ನಾನು ಮಸ್ಸಿನಲ್ಲಿ (ಫೀಡರ್‌ಗಳಿಗೆ ಕರೆಂಟ್ ಹಂಚುವ ಸಬ್‌ಸ್ಟೇಷನ್) ಆಪರೇಟರ್ ಆಗಿದ್ದವನು. ನಮ್ಮ ಕಡೆಯಿಂದ ಒಂದು ಮಾತು ಹೇಳಲೇಬೇಕು.

ನಮ್ಮ ಪವರ್‌ಮ್ಯಾನ್ (ಲೈನ್‌ಮ್ಯಾನ್) ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಆಗಿದೆ ಅನ್ನುವ ಅನುಮತಿ) ತೆಗೆದುಕೊಂಡು ಕಂಬ ಹತ್ತುತ್ತಾನೆ. ನಾವು ಫೀಡರ್ ಆಫ್ ಮಾಡಿ, ಅರ್ತ್ ಮಾಡಿ, ಬುಕ್ಕಲ್ಲಿ ಬರೆದು ನಂಬರ್ ಕೊಟ್ಟಿರುತ್ತೇವೆ. ಅವನಿಗೆ ಭಯ ನಮ್ಮ ಕಡೆಯಿಂದ ಅಲ್ಲ. ನಿಮ್ಮಂಥ ಕನ್ಸ್ಯೂಮರ್ ಕಡೆಯಿಂದ. ಕರೆಂಟ್ ಹೋದ ಕೂಡಲೇ ಜನರೇಟರ್ ಓಡುತ್ತದೆ. ಚೇಂಜ್‌ಓವರ್ ಇಂಟರ್‌ಲಾಕ್ (ಮೇನ್ಸ್, ಜನರೇಟರ್ ಎರಡೂ ಒಟ್ಟಿಗೆ ಸೇರದಂತೆ ತಡೆಯುವುದು) ಸರಿ ಇಲ್ಲದಿದ್ದರೆ ಆ 433 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನ ಎಲ್‌ಟಿ ಕಡೆಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಯಾವ ಕಡೆಯಿಂದ ಕೊಟ್ಟರೂ ಒಂದೇ. ಅದು ಎಚ್‌ಟಿ ಕಡೆ 11 ಕೆವಿ ಮಾಡಿ ಲೈನ್‌ಗೆ ಕಳಿಸುತ್ತದೆ. ಕಂಬದ ಮೇಲೆ ಇರುವವನ ಗತಿ ಏನು?

ಅದಕ್ಕೇ ಪವರ್‌ಮ್ಯಾನ್ ಕೆಲಸದ ಜಾಗದ ಎರಡೂ ಕಡೆ ಅರ್ತ್ ಹಾಕಬೇಕು ಅಂತ ನಾವು ಬಾಯಿ ಬಡಿದುಕೊಳ್ಳುವುದು. ನೀನು ಸೇರಿದ ಮೊದಲ ವಾರದಲ್ಲೇ ನಿಮ್ಮ ಎಎಂಎಫ್ ಪ್ಯಾನೆಲ್‌ನ (ಕರೆಂಟ್ ಹೋದರೆ ಜನರೇಟರನ್ನು ತಾನೇ ಓಡಿಸುವುದು) ಇಂಟರ್‌ಲಾಕ್ ನೋಡು. ಎಲೆಕ್ಟ್ರಿಕಲ್ ಒಂದೇ ಇದೆಯಾ, ಮೆಕ್ಯಾನಿಕಲ್ ಕೂಡ ಇದೆಯಾ? ಯಾರಾದರೂ ಅರ್ಜೆಂಟಿಗೆ ಅಂತ ಬೈಪಾಸ್ ವೈರ್ ಹಾಕಿಟ್ಟಿದ್ದಾರಾ? ಇದ್ದರೆ ಅದನ್ನು ತೆಗೆಸಿದ ಮೇಲೆಯೇ ಬೇರೆ ಕೆಲಸ.

ಕೋಲಾರ ಸಿಸ್ಟರ್

ನಾನು ಐಸಿಯು ಸ್ಟಾಫ್ ನರ್ಸ್. ನಮ್ಮ ಕಡೆಯಿಂದ ಎಲೆಕ್ಟ್ರೀಷಿಯನ್ ಅಣ್ಣಂದಿರಿಗೆ ಏನು ಬೇಕು ಅಂತ ಬರೆಯುತ್ತೇನೆ.

ಮುಂಚೆ ಹೇಳಿ. ಅಷ್ಟೇ. ಐದು ನಿಮಿಷ ಮುಂಚೆ ಅಲ್ಲ, ಹಿಂದಿನ ಶಿಫ್ಟ್‌ನಲ್ಲೇ ಹೇಳಿ. ವೆಂಟಿಲೇಟರ್‌ಗೆ ಒಳಗೆ ಬ್ಯಾಟರಿ ಇದೆ ಅಂತ ನೀವು ನಂಬಿರುತ್ತೀರಿ. ಹಳೆ ಮೆಷಿನ್‌ನಲ್ಲಿ ಆ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಅಂತ ನಮಗೆ ಗೊತ್ತು. ಮುಂಚೆ ಹೇಳಿದರೆ ಪ್ರತಿ ಬೆಡ್ ಪಕ್ಕ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ತೆಗೆದಿಡುತ್ತೇವೆ, ಒಬ್ಬ ಸಿಸ್ಟರ್‌ನ ಜಾಸ್ತಿ ಹಾಕಿಕೊಳ್ಳುತ್ತೇವೆ.

ಇನ್ನೊಂದು. ನಮ್ಮಲ್ಲಿ ಕೆಂಪು ಸಾಕೆಟ್ ಅಂದರೆ ಯುಪಿಎಸ್, ಬಿಳಿ ಅಂದರೆ ಮಾಮೂಲಿ. ರೋಗಿ ಕಡೆಯವರು ಮೊಬೈಲ್ ಚಾರ್ಜರ್, ನೀರು ಕಾಯಿಸುವ ಕೆಟಲ್ ತಂದು ಕೆಂಪಿಗೇ ಹಾಕುತ್ತಾರೆ. ನಾವು ಬೈದರೆ ಕೇಳುವುದಿಲ್ಲ. ನೀವು ರೌಂಡ್ಸ್ ಬಂದು ಒಂದು ಮಾತು ಹೇಳಿದರೆ ಕೇಳುತ್ತಾರೆ. ಸಾಕೆಟ್ ಬಿಸಿ ಆಗಿದೆ, ಪ್ಲಗ್ ಸಡಿಲ ಇದೆ ಅಂತ ನಾವು ಕಂಪ್ಲೇಂಟ್ ಬರೆದರೆ ದಯವಿಟ್ಟು ಅದನ್ನು ಚಿಕ್ಕದು ಅಂತ ಬಿಡಬೇಡಿ. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರ ಜಿಲ್ಲಾ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ಘಟಕಕ್ಕೆ ಬೆಂಕಿ ಬಿದ್ದು ಹತ್ತು ಹಸುಗೂಸುಗಳು ಹೋದವು. 2024ರ ನವೆಂಬರ್‌ನಲ್ಲಿ ಝಾನ್ಸಿಯಲ್ಲಿ ಮತ್ತೆ ಅಂಥದ್ದೇ ಆಯಿತು. ಆಕ್ಸಿಜನ್ ಜಾಸ್ತಿ ಇರುವ ರೂಮಲ್ಲಿ ಕಿಡಿ ಅಂದರೆ ಏನು ಅಂತ ಆ ಸುದ್ದಿ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಎಚ್‌ಟಿ ಯಾರ್ಡ್ ತುಮಕೂರು

ಸಿಸ್ಟರ್ ಹೇಳಿದ್ದನ್ನು ಪ್ರಿಂಟ್ ತೆಗೆದು ನಮ್ಮ ರೂಮಿನ ಗೋಡೆಗೆ ಅಂಟಿಸುತ್ತೇನೆ.

ಚಿಂತಾಮಣಿ ಬಯೋಮೆಡಿಕಲ್

ಗುಬ್ಬಿ ತಮ್ಮ, ಓಟಿ ಒಳಗಿನ ಸಪ್ಲೈ ಬಗ್ಗೆ ಸ್ವಲ್ಪ ಹೇಳುತ್ತೇನೆ. ಎಚ್‌ಟಿಯಿಂದ ಬರುವವರಿಗೆ ಇದು ಹೊಸದು.

ನಿಮಗೆ ಕಲಿಸಿರುವುದು ಏನು? ಅರ್ತ್ ಫಾಲ್ಟ್ ಆದರೆ ತಕ್ಷಣ ಟ್ರಿಪ್ ಆಗಬೇಕು. ಎಲ್ಲಾ ಕಡೆ ಅದೇ ಸರಿ. ಓಟಿ, ಐಸಿಯು ಒಳಗೆ ಹಾಗಲ್ಲ. ಹೃದಯದ ಆಪರೇಷನ್ ನಡೆಯುವಾಗ ಒಂದು ಪಂಪ್‌ನ ವೈರ್ ಬಾಡಿಗೆ ತಗುಲಿತು ಅಂತ ಇಡೀ ಸಪ್ಲೈ ಟ್ರಿಪ್ ಆದರೆ ಹೇಗೆ? ಅದಕ್ಕೆ ಅಲ್ಲಿ ಬೇರೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡುತ್ತಾರೆ, ಸಾಮಾನ್ಯವಾಗಿ 10 ಕೆವಿಎ ಒಳಗಿನದು. ಅದರ ಔಟ್‌ಪುಟ್‌ನ ಯಾವ ತುದಿಗೂ ಅರ್ತ್ ಇಲ್ಲ. ಮೊದಲ ಫಾಲ್ಟ್‌ಗೆ ಏನೂ ಟ್ರಿಪ್ ಆಗುವುದಿಲ್ಲ. ಇನ್ಸುಲೇಷನ್ 50 ಕಿಲೋಓಮ್‌ಗಿಂತ ಕೆಳಗಿಳಿದರೆ ಅಲಾರಂ ಬರುತ್ತದೆ. ಅಷ್ಟೇ.

ಈ ಅಲಾರಂ ಬಂದಾಗ ಮಾಡಬೇಕಾದ್ದು: ಸಪ್ಲೈ ತೆಗೆಯಬಾರದು, ಅಲಾರಂ ಮ್ಯೂಟ್ ಮಾಡಿ ಮರೆಯಲೂಬಾರದು. ಡಾಕ್ಟರ್‌ಗೆ ತಿಳಿಸಿ, ಕೇಸ್ ಮುಗಿದ ಮೇಲೆ ಒಂದೊಂದೇ ಮೆಷಿನ್ ಪ್ಲಗ್ ತೆಗೆದು ಯಾವುದು ಅಂತ ಹುಡುಕಬೇಕು. ಎರಡನೇ ಫಾಲ್ಟ್ ಸೇರಿಕೊಂಡರೆ ಆಗ ಟ್ರಿಪ್ ಆಗುತ್ತದೆ.

ಹೃದಯಕ್ಕೆ ನೇರವಾಗಿ ತಾಕುವ ಉಪಕರಣಗಳಲ್ಲಿ ಮಾಮೂಲಿ ಸ್ಥಿತಿಯ ಲೀಕೇಜ್ 10 ಮೈಕ್ರೋಆಂಪ್ ದಾಟಬಾರದು. ನಿಮ್ಮ ಯಾರ್ಡ್‌ನಲ್ಲಿ ಆಂಪ್ ಲೆಕ್ಕ, ಒಳಗೆ ಆಂಪ್‌ನ ಹತ್ತು ಲಕ್ಷದ ಒಂದು ಭಾಗದ ಲೆಕ್ಕ. ನೀವು ಹೊರಗೆ ಅರ್ತ್ ಪಿಟ್ ಚೆನ್ನಾಗಿ ಇಟ್ಟುಕೊಂಡರೆ ನನ್ನ ಅರ್ಧ ತಲೆನೋವು ಕಮ್ಮಿ.

ಓಟಿ ಲೈಟ್‌ಗೆ ಸಪ್ಲೈ ಹೋದರೆ ಅರ್ಧ ಸೆಕೆಂಡ್ ಒಳಗೆ ಬರಬೇಕು ಅಂತ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಉಳಿದ ಮುಖ್ಯ ಲೋಡ್‌ಗೆ 15 ಸೆಕೆಂಡ್. ಜನರೇಟರ್ ಅರ್ಧ ಸೆಕೆಂಡಲ್ಲಿ ಎದ್ದೇಳುವುದಿಲ್ಲ, ಅದಕ್ಕೆ ಯುಪಿಎಸ್. ಯುಪಿಎಸ್ ಬ್ಯಾಟರಿ ರೂಮಿನ ಎಸಿ ಕೆಟ್ಟಿದ್ದರೆ ಅದೂ ಎಮರ್ಜೆನ್ಸಿಯೇ, ಸೆಖೆಗೆ ಬ್ಯಾಟರಿ ಆಯಸ್ಸು ಬೇಗ ಮುಗಿಯುತ್ತದೆ.

ಮಾಲೂರು ಶಿಫ್ಟ್ ಎಲೆಕ್ಟ್ರೀಷಿಯನ್

ಎಲ್ಲರೂ ಪೂರ್ತಿ ಕರೆಂಟ್ ಹೋಗುವ ಬಗ್ಗೆ ಹೇಳುತ್ತಿದ್ದೀರಿ. ಅರ್ಧಂಬರ್ಧ ಹೋಗುವುದು ಅದಕ್ಕಿಂತ ಕೆಟ್ಟದ್ದು. ನಾನು ಮುಂಚೆ ಇದ್ದ ಆಸ್ಪತ್ರೆಯಲ್ಲಿ ಆದದ್ದು.

ಮೇ ತಿಂಗಳು, ಸಂಜೆ ಗಾಳಿ ಮಳೆ. ಈ ಕಡೆ ಗೊತ್ತಲ್ಲ, ಮಾವಿನ ಕಾಯಿ ಉದುರುವ ಗಾಳಿ ಬಂದರೆ ಫೀಡರ್ ಹೋಗಿ ಬಂದು ಮಾಡುತ್ತದೆ. ಡಿಪಿ ಮೇಲೆ ಒಂದು ಫ್ಯೂಸ್ ಮಾತ್ರ ಹೋಯಿತು. ಎಚ್‌ಟಿ ಕಡೆ ಡೆಲ್ಟಾ ಆದ್ದರಿಂದ ಒಂದು ಲೈನ್ ಹೋದರೆ ಎಲ್‌ಟಿ ಕಡೆ ಒಂದು ಫೇಸ್ ಸರಿಯಾಗಿರುತ್ತದೆ, ಉಳಿದ ಎರಡು ಅರ್ಧಕ್ಕೆ ಇಳಿಯುತ್ತವೆ. ಸುಮಾರು 120 ವೋಲ್ಟ್. ಒಂದು ವಿಂಗ್‌ನಲ್ಲಿ ಲೈಟ್ ಜಗಮಗ, ಇನ್ನೊಂದು ಕಡೆ ಫ್ಯಾನ್ ತೆವಳುತ್ತಿದೆ. ಜನರೇಟರ್ ಸ್ಟಾರ್ಟ್ ಆಗಲೇ ಇಲ್ಲ. ಯಾಕೆ? ಎಎಂಎಫ್‌ನ ವೋಲ್ಟೇಜ್ ಸೆನ್ಸಿಂಗ್ ಒಂದೇ ಫೇಸ್‌ನಿಂದ ತೆಗೆದಿದ್ದರು. ಚೆನ್ನಾಗಿದ್ದದ್ದು ಅದೇ ಫೇಸ್.

ಕೂಡಲೇ ಮ್ಯಾನ್ಯುಯಲ್‌ಗೆ ಹಾಕಿ ಮೇನ್ಸ್ ಬಿಡಿಸಿ ಜನರೇಟರ್‌ಗೆ ಹಾಕಿದೆವು. ಅಷ್ಟರಲ್ಲಿ ಬ್ಲಡ್ ಬ್ಯಾಂಕ್ ಫ್ರಿಡ್ಜ್‌ನ ಕಂಪ್ರೆಸರ್ ಕರಕಲು. ರಕ್ತ 2ರಿಂದ 6 ಡಿಗ್ರಿ ಒಳಗೇ ಇರಬೇಕು. ಇದ್ದ ಚೀಲಗಳನ್ನೆಲ್ಲ ಪಕ್ಕದ ಫ್ರಿಡ್ಜ್‌ಗೆ ಸಾಗಿಸಿ ಉಳಿಸಿಕೊಂಡರು.

ಮಾರನೇ ದಿನವೇ ಮೂರೂ ಫೇಸ್ ನೋಡುವ ರಿಲೇ ಹಾಕಿಸಿದೆವು. ಮೇನ್ಸ್ ವಾಪಸ್ ಬಂದರೆ ಮೂರು ನಿಮಿಷ ನಿಂತು ನೋಡಿಯೇ ಬದಲಾಗುವಂತೆ ಟೈಮರ್ ಕೂಡ ಇಟ್ಟೆವು. ಗಾಳಿ ಹೊತ್ತಲ್ಲಿ ಫೀಡರ್ ಬಂತು ಅಂತ ತಕ್ಷಣ ಹಾರಿದರೆ ಮತ್ತೆ ಹೋಗುತ್ತದೆ, ಸಿಟಿ ಸ್ಕ್ಯಾನ್, ಚಿಲ್ಲರ್ ಎಲ್ಲಾ ಪೆಟ್ಟು ತಿನ್ನುತ್ತವೆ.

ಗೌರಿಬಿದನೂರು ಕಂಟ್ರಾಕ್ಟರ್

ಮಾಲೂರು ಅಣ್ಣ ಹೇಳಿದ್ದು ಕೇಳಿ ನಾಳೆ ನಾನು ವೈರ್ ಮಾಡಿಕೊಟ್ಟಿರುವ ಎರಡು ನರ್ಸಿಂಗ್ ಹೋಂ ಪ್ಯಾನೆಲ್ ತೆಗೆದು ನೋಡುತ್ತೇನೆ. ಆದರೂ ನನ್ನ ಮಾತು ಬಿಡಲ್ಲ. ಇಷ್ಟೆಲ್ಲಾ ತಿಳಿದಿರಬೇಕಾದ ಮನುಷ್ಯನಿಗೆ ಏಜೆನ್ಸಿಯಲ್ಲಿ ಹೆಲ್ಪರ್ ಸಂಬಳ ಕೊಡುತ್ತಾರೆ. ಅದು ಅನ್ಯಾಯ ಅಲ್ವಾ?

ಎಚ್‌ಟಿ ಯಾರ್ಡ್ ತುಮಕೂರು

ಅನ್ಯಾಯವೇ. ಅದರಲ್ಲಿ ಎರಡು ಮಾತಿಲ್ಲ. ಮೆಷಿನ್‌ಗೆ ಕೋಟಿ ಹಾಕುತ್ತಾರೆ, ಅದಕ್ಕೆ ಕರೆಂಟ್ ಕೊಡುವವನನ್ನು ಟೆಂಡರ್‌ನಲ್ಲಿ ಕಮ್ಮಿ ರೇಟ್‌ಗೆ ತರುತ್ತಾರೆ. ಏಜೆನ್ಸಿ ಬದಲಾದರೆ ಹಳೆ ಹುಡುಗರು ಹೋಗುತ್ತಾರೆ, ಯಾವ ಕೇಬಲ್ ಎಲ್ಲಿ ಹೋಗಿದೆ ಅಂತ ಗೊತ್ತಿದ್ದವರು ಅವರೇ. ನಾನು ಮೀಟಿಂಗ್‌ನಲ್ಲಿ ಇದನ್ನು ಹೇಳುತ್ತಲೇ ಇದ್ದೇನೆ.

ಅದಕ್ಕೆ ಗುಬ್ಬಿ ತಮ್ಮ, ಬರವಣಿಗೆಯಲ್ಲಿ ತೆಗೆದುಕೋ. ಎಚ್‌ಟಿ ಆಪರೇಟ್ ಮಾಡಲು ನಿನ್ನನ್ನು ನೇಮಿಸಿದ್ದಾರೆ ಅನ್ನುವ ಪತ್ರ ಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳೂ ಅದನ್ನೇ ಕೇಳುತ್ತವೆ, ಸುಮ್ನೆ ಯಾರೋ ಹೋಗಿ ಎಚ್‌ಟಿ ಮುಟ್ಟುವಂತಿಲ್ಲ. ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಮಾಡಿಸಿಕೋ, ಮುಂದೆ ಸೂಪರ್‌ವೈಸರ್ ಪರ್ಮಿಟ್. ಅದು ನಿನ್ನ ಹೆಸರಲ್ಲಿರುತ್ತದೆ, ಏಜೆನ್ಸಿ ಯಾವುದಾದರೂ ಇರಲಿ. ರಾತ್ರಿ ಶಿಫ್ಟ್‌ನಲ್ಲಿ ಎಷ್ಟು ಜನ ಅಂತಲೂ ಕೇಳು. ಒಬ್ಬನೇ ಅಂದರೆ ಎಚ್‌ಟಿಗೆ ಕೈ ಹಾಕಲ್ಲ ಅಂತ ಮೊದಲೇ ಹೇಳಿಬಿಡು.

ಕೆಜಿಎಫ್ ಮೊಮ್ಮಗ

ನಮ್ಮ ಕೋಲಾರ ಜಿಲ್ಲೆಯವರು ಈ ಕೆಲಸಕ್ಕೆ ಹೊಸಬರಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಲೈನ್ ಎಳೆದರು, ಸುಮಾರು 147 ಕಿಲೋಮೀಟರ್. ಬೆಂಗಳೂರಿನ ಬೀದಿ ದೀಪ 1905. ನಮ್ಮ ತಾತ ಗಣಿಯ ಎಲೆಕ್ಟ್ರಿಕಲ್ ಸೆಕ್ಷನ್‌ನಲ್ಲಿದ್ದರು. ಕೆಳಗೆ ಜನ ಇದ್ದಾರೆ ಅಂದರೆ ಪಂಪ್, ಫ್ಯಾನ್ ನಿಲ್ಲುವ ಹಾಗಿರಲಿಲ್ಲ. ಯಾವ ಸ್ವಿಚ್ ಎಳೆಯುವ ಮೊದಲೂ ಕೆಳಗೆ ಎಷ್ಟು ಜನ ಅಂತ ಕೇಳುತ್ತಿದ್ದರಂತೆ.

ಗುಬ್ಬಿ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಹೋಗಿ ನೋಡಿಕೊಂಡು ಬಂದೆ.

ಸೂಪರ್‌ವೈಸರ್ ಸರ್ ಒಳ್ಳೆಯವರು, ಎಲ್ಲಾ ತೋರಿಸಿದರು. ಎಎಂಎಫ್‌ನಲ್ಲಿ ಮೆಕ್ಯಾನಿಕಲ್ ಇಂಟರ್‌ಲಾಕ್ ಇದೆ, ಬೈಪಾಸ್ ಏನೂ ಕಾಣಲಿಲ್ಲ. ಮೂರು ಫೇಸ್ ರಿಲೇ ಇದೆ. ಗ್ಲೌಸ್ ಕ್ಲಾಸ್ 2, ಟೆಸ್ಟ್ ತಾರೀಕು ಈ ವರ್ಷದ್ದು. ರಾತ್ರಿ ಇಬ್ಬರು. ಪಿಎಫ್, ಇಎಸ್‌ಐ ಇದೆ, ನೇಮಕದ ಪತ್ರ ಕೊಡುತ್ತೇವೆ ಅಂದರು.

ಸರಿ ಇಲ್ಲದ್ದು: ಎಚ್‌ಟಿ ರೂಮಲ್ಲಿ ಮುರಿದ ಮಂಚ, ಹಳೆ ಫೈಲ್ ಕಟ್ಟುಗಳನ್ನು ಪೇರಿಸಿದ್ದಾರೆ. ಕೇಬಲ್ ಬರುವ ಜಾಗದಲ್ಲಿ ಗ್ಲ್ಯಾಂಡ್ ಪ್ಲೇಟ್‌ನ ಒಂದು ತೂತು ಮುಚ್ಚಿಲ್ಲ. ಟ್ರಾನ್ಸ್‌ಫಾರ್ಮರ್ ಒಂದರ ಸಿಲಿಕಾ ಜೆಲ್ (ಒಳಗೆ ಹೋಗುವ ಗಾಳಿಯ ತೇವ ಹೀರುವುದು) ಪೂರ್ತಿ ಗುಲಾಬಿ ಆಗಿದೆ. ಡಿಸ್ಚಾರ್ಜ್ ರಾಡ್ ಇಲ್ಲ, ತರಿಸುತ್ತೇವೆ ಅಂದರು. ಸೇರಬೇಕು ಅಂತ ಮನಸ್ಸಾಗಿದೆ. ಸೋಮವಾರದಿಂದ ಬಾ ಅಂದಿದ್ದಾರೆ. ಏನಂತೀರಿ?

ಮಾಲೂರು ಶಿಫ್ಟ್ ಎಲೆಕ್ಟ್ರೀಷಿಯನ್

ಆ ತೂತನ್ನು ಮೊದಲು ಮುಚ್ಚಿಸು. ಇಲಿ, ಹಲ್ಲಿ, ಮಳೆಗಾಲದಲ್ಲಿ ಹಾವು, ಬೆಚ್ಚಗಿದೆ ಅಂತ ಎಲ್ಲಾ ಅಲ್ಲಿಗೇ ಬರುತ್ತವೆ. ಬಸ್‌ಬಾರ್ ಮೇಲೆ ಒಂದು ಹಲ್ಲಿ ಬಿದ್ದರೆ ಸಾಕು.

ಎಚ್‌ಟಿ ಯಾರ್ಡ್ ತುಮಕೂರು

ಸೇರಿಕೋ ತಮ್ಮ. ಒಂದೇ ಸಲಕ್ಕೆ ಹೋಗಿ ಇಷ್ಟೆಲ್ಲಾ ನೋಡಿಕೊಂಡು ಬಂದಿದ್ದೀಯ, ನೀನು ಈ ಕೆಲಸಕ್ಕೆ ಸರಿ ಇದ್ದೀಯ.

ಮಂಚ, ಫೈಲು ಖಾಲಿ ಮಾಡಿಸಲು ಬಾಯಿ ಮಾತು ಸಾಲದು, ಫೋಟೋ ಹಾಕಿ ಸೂಪರ್‌ವೈಸರ್‌ಗೆ ಬರೆದು ಕೊಡು. ಸಿಲಿಕಾ ಜೆಲ್ ಬದಲಾಯಿಸುವಾಗ ಬ್ರೀದರ್ (ಜೆಲ್ ಇರುವ ಡಬ್ಬಿ) ಕೆಳಗಿನ ಕಪ್‌ನಲ್ಲಿ ಎಣ್ಣೆ ಇದೆಯಾ ನೋಡು. ಜೆಲ್ ಪೂರ್ತಿ ಗುಲಾಬಿ ಆಗಿದೆ ಅಂದರೆ ಟ್ರಾನ್ಸ್‌ಫಾರ್ಮರ್ ಎಣ್ಣೆ ತೇವ ಹಿಡಿದಿರಬಹುದು, ಒಂದು ಬಿಡಿವಿ ಟೆಸ್ಟ್ (ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತದೆ ಅಂತ ನೋಡುವುದು) ಮಾಡಿಸಲು ಹೇಳು. 30 ಕೆವಿಗಿಂತ ಕಮ್ಮಿ ಬಂದರೆ ಫಿಲ್ಟರ್ ಮಾಡಿಸಬೇಕು.

ರಾಡ್ ಬರುವ ತನಕ ಎಚ್‌ಟಿ ಪ್ಯಾನೆಲ್‌ನ ಹಿಂದಿನ ಬಾಗಿಲು ತೆಗೆಯಬೇಡ, ಯಾರು ಹೇಳಿದರೂ. ಬಂದ ದಿನ ಅದರ ಕ್ಲಾಂಪ್ ಅರ್ತ್ ಪಟ್ಟಿಗೆ ಬಿಗಿಯಾಗಿ ಕೂರುತ್ತದಾ ಹಾಕಿ ನೋಡು. ಪಟ್ಟಿ ಮೇಲೆ ಪೇಂಟ್ ಬಳಿದಿದ್ದರೆ ಆ ಜಾಗವನ್ನು ಲೋಹ ಕಾಣುವ ತನಕ ಕೆರೆದಿಡು.